ವಿಕೋಪದಲ್ಲಿ ಹೆತ್ತವರನ್ನು ಕಳೆದುಕೊಂಡ ಹದಿಹರೆಯದವರಿಗೆ ಮನೆ ಕೊಡುವುದು ಹೇಗೆ? ಮುಂಬೈ, ಪುಣೆಯ ಕನ್ನಡಿಗರಿಗೆ ಮಾರ್ಗದರ್ಶಿ

ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ನನ್ನ ಬಳಿ ಬರುತ್ತದೆ. "ನಮ್ಮೂರಿನ ಹುಡುಗ, ಹದಿನಾಲ್ಕು ವರ್ಷ. ಗೋಡೆ ಕುಸಿದು ಅಪ್ಪ ಅಮ್ಮ ಇಬ್ಬರೂ ಹೋದರು. ನಾವು ಮನೆಗೆ ಕರೆತರಬೇಕೆಂದಿದ್ದೇವೆ, ಏನು ಮಾಡಬೇಕು?" ಕೇಳುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು. ಹೋಟೆಲ್ ನಡೆಸುವ ಕರಾವಳಿಯವರೂ ಕೇಳುತ್ತಾರೆ. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸಿನವರು ಅವಸರದಲ್ಲಿ ಮಾಡುವ ತಪ್ಪಿನಿಂದ ಮಗು ಎರಡನೆಯ ಸಲ ಮನೆ ಕಳೆದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್ ಗ್ರಾಮ ಗುಡ್ಡದಡಿ ಸೇರಿತು. 2021ರ ಜೂನ್ 9ರ ರಾತ್ರಿ ಮಾಲಾಡಿನ ಮಾಲವಣಿಯಲ್ಲಿ ಕಟ್ಟಡ ಕುಸಿಯಿತು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಬಿತ್ತು. ಇಂಥ ದುರಂತವಾದಾಗ ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಬದುಕುಳಿದ ಮಗು ಯಾರ ಮನೆಯಲ್ಲಿ ಉಣ್ಣುತ್ತಿದೆ ಎಂದು ಆರು ತಿಂಗಳ ಮೇಲೆ ಕೇಳುವವರಿಲ್ಲ. ಕೂಸುಗಳನ್ನು ದತ್ತು ಪಡೆಯಲು ವರ್ಷಗಟ್ಟಲೆ ಕಾಯುವವರಿದ್ದಾರೆ. ಮೀಸೆ ಚಿಗುರುತ್ತಿರುವ ಹುಡುಗನನ್ನೋ, ಎದುರುತ್ತರ ಕೊಡುವ ಹುಡುಗಿಯನ್ನೋ ಬೇಕೆನ್ನುವವರು ಕಡಿಮೆ. ನೀವು ಬೇಕೆಂದು ಮುಂದೆ ಬಂದಿದ್ದೀರಿ, ಅದಕ್ಕೆ ನನ್ನ ನಮಸ್ಕಾರ. ಈ ವಯಸ್ಸಿನವರು ಹಸಿವನ್ನಾದರೂ ತಡೆದಾರು, ಹಂಗಿನ ಅನ್ನವನ್ನು ನುಂಗಲಾರರು. ಆದ್ದರಿಂದ ಮುಂದೆ ಹೇಳುವ ಕಾಗದಪತ್ರ, ಕಚೇರಿ, ಖಾತೆಗಳನ್ನೆಲ್ಲ ಈ ಒಂದು ಕಣ್ಣಿನಿಂದ ನೋಡಿ: ಮಗು ನಿಮ್ಮ ಮನೆಯಲ್ಲಿ ಹಕ್ಕಿನಿಂದ ಇರಬೇಕು, ನಿಮ್ಮ ಕರುಣೆಯಿಂದಲ್ಲ.

ಮೊದಲು ತಿಳಿದಿರಬೇಕಾದ ಹೆಸರುಗಳು

ಬಾಲನ್ಯಾಯ ಕಾಯ್ದೆ, 2015: 18 ತುಂಬದ, ಆಸರೆ ಇಲ್ಲದ ಎಲ್ಲ ಮಕ್ಕಳ ವಿಷಯದಲ್ಲೂ ನಡೆಯುವ ಕಾನೂನು ಇದೇ.

ಮಕ್ಕಳ ಕಲ್ಯಾಣ ಸಮಿತಿ: ಮರಾಠಿ ಫಲಕದಲ್ಲಿ 'ಬಾಲ ಕಲ್ಯಾಣ ಸಮಿತಿ' ಎಂದಿರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಎಲ್ಲಿರಬೇಕೆಂದು ಆದೇಶ ಕೊಡುವ ಅಧಿಕಾರ ಇವರದು. ಪೊಲೀಸರದಲ್ಲ, ಪಾಲಿಕೆಯ ನಗರಸೇವಕರದಲ್ಲ, ಊರ ಹಿರಿಯರದೂ ಅಲ್ಲ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಮರಾಠಿಯಲ್ಲಿ 'ಜಿಲ್ಹಾ ಬಾಲ ಸಂರಕ್ಷಣ ಕಕ್ಷ'. ನಿಮ್ಮ ಮನೆಗೆ ಬಂದು ನೋಡುವವರು, ಅರ್ಜಿ ತೆಗೆದುಕೊಳ್ಳುವವರು, ತಿಂಗಳ ಸಹಾಯಧನಕ್ಕೆ ಶಿಫಾರಸು ಮಾಡುವವರು ಇವರು.

ಸಾಮಾಜಿಕ ತನಿಖಾ ವರದಿ: ಮಗುವಿನ ಹಿನ್ನೆಲೆ, ನೆಂಟರು, ಮನೆಯ ಸ್ಥಿತಿಗತಿ ವಿಚಾರಿಸಿ ಸಮಾಜ ಕಾರ್ಯಕರ್ತರು ಬರೆಯುವ ವರದಿ. ತನಿಖೆ ಎಂಬ ಪದಕ್ಕೆ ಹೆದರಬೇಡಿ, ನಿಮ್ಮ ಮೇಲೆ ಯಾರೂ ಅಪರಾಧ ಹೊರಿಸುತ್ತಿಲ್ಲ.

ಹಂತ 1: ಮೊದಲ ದಿನವೇ ತಿಳಿಸಿ

ದುರಂತದ ಜಾಗದಿಂದ ಮಗುವನ್ನು ನೇರವಾಗಿ ಮನೆಗೋ ಊರಿಗೋ ಕರೆದೊಯ್ಯಬೇಡಿ. ಆ ರಾತ್ರಿ ನೀವು ಅನ್ನ ಹಾಕಿ ಮಲಗಿಸಿದ್ದರೆ ಅದು ತಪ್ಪಲ್ಲ. ತಿಳಿಸದೆ ಇಟ್ಟುಕೊಂಡರೆ ತಪ್ಪು. 1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ, 1996ರಲ್ಲಿ ನಮ್ಮ ಮುಂಬೈಯಲ್ಲೇ ಆರಂಭವಾದದ್ದು, ಕರೆ ಉಚಿತ. ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ನೀವೇ ಕರೆದೊಯ್ಯಬಹುದು. ಮಗು ತಾನಾಗಿಯೂ ಹೋಗಬಹುದು. ಹೆತ್ತವರಿಂದ ಬೇರ್ಪಟ್ಟ ಮಗು ಸಿಕ್ಕಿಯೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

"ಸಮಿತಿಗೆ ಹೇಳಿದರೆ ಬಾಲಗೃಹಕ್ಕೆ ಹಾಕುತ್ತಾರೆ" ಎಂಬ ಭಯ ನಮ್ಮ ಜನರಲ್ಲಿ ಬಹಳ. ಬಾಲಗೃಹಗಳಿರುವ ಡೋಂಗ್ರಿ, ಮಾನ್‌ಖುರ್ದ್ ಎಂಬ ಹೆಸರು ಕೇಳಿದರೆ ಸಾಕು, ಮಗುವನ್ನು ಬಚ್ಚಿಡಲು ನೋಡುತ್ತಾರೆ. ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ, ಕುಟುಂಬವೇ ಮೊದಲ ದಾರಿ ಎಂಬುದು ಆ ಕಾಯ್ದೆಯ ಮೂಲತತ್ತ್ವಗಳಲ್ಲಿ ಒಂದು. ವಿಚಾರಣೆ ನಡೆಯುವಾಗಲೂ ಮಗುವನ್ನು 'ಯೋಗ್ಯ ವ್ಯಕ್ತಿ'ಯ ಬಳಿ, ಅಂದರೆ ಸಮಿತಿ ಪರಿಶೀಲಿಸಿ ಒಪ್ಪಿದವರ ಬಳಿ, ತಾತ್ಕಾಲಿಕವಾಗಿ ಇರಿಸಲು ಅವಕಾಶವಿದೆ. ಮೊದಲ ದಿನವೇ ಲಿಖಿತವಾಗಿ ಕೇಳಿಕೊಳ್ಳಿ.

ಇನ್ನೊಂದು ಮಾತು. ಮಗುವಿನ ಫೋಟೋ, ಹೆಸರು, ಶಾಲೆ ಯಾವುದನ್ನೂ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಸಂಘದ ಗುಂಪಿಗೂ ಬೇಡ, ಊರಿನ ಗುಂಪಿಗೂ ಬೇಡ. ಇಂಥ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಧೂಳು ಮೆತ್ತಿದ ಮುಖದ ಆ ಫೋಟೋ ಮುಂದೆ ಕಾಲೇಜಿಗೆ ಹೋದಾಗಲೂ ಅವರ ಬೆನ್ನು ಬಿಡುವುದಿಲ್ಲ.

ಹಂತ 2: ಮಗುವನ್ನು ಕೇಳಿ, ಮನೆಯವರನ್ನೂ ಕೇಳಿ

ಜನ ತಪ್ಪದೆ ಹಾರಿಸಿಬಿಡುವ ಹಂತ ಇದು. ಸಾವಿನ ಮನೆಯಲ್ಲಿ ಹಿರಿಯರು ಕೂತು "ಹುಡುಗ ಕಾಕಾನ ಮನೆಗೆ, ಹುಡುಗಿ ಸೋದರಮಾವನ ಮನೆಗೆ" ಎಂದು ಪಾಲು ಹಾಕುತ್ತಾರೆ. ಹದಿನೈದರ ಹುಡುಗಿ ಮೂಲೆಯಲ್ಲಿ ಕೂತು ತನ್ನ ಬಾಳಿನ ತೀರ್ಮಾನವನ್ನು ಕೇಳಿಸಿಕೊಳ್ಳುತ್ತಾಳೆ. ದಯವಿಟ್ಟು ಹೀಗೆ ಮಾಡಬೇಡಿ. ಮಗುವಿನ ಮಾತಿಗೆ ಸ್ಥಾನ ಕೊಡಬೇಕೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಕೂಡ ತಿಳಿವಳಿಕೆಯ ವಯಸ್ಸಿಗೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಲಯ ಗಮನಿಸಬಹುದೆನ್ನುತ್ತದೆ. ಬ್ರಿಟಿಷರ ಕಾಲದ ಕಾನೂನು ಕೇಳುವುದನ್ನು ನಾವು ಕೇಳದೆ ಇರಬಾರದು.

ಕೇಳುವಾಗ ಹತ್ತು ಜನರ ನಡುವೆ ಕೇಳಬೇಡಿ. "ನಮ್ಮ ಜೊತೆ ಬರುತ್ತೀಯಲ್ಲ?" ಎಂದರೆ ಮಗು ತಲೆಯಾಡಿಸುತ್ತದೆ, ಬೇರೇನು ಮಾಡೀತು? ಹೀಗೆ ಕೇಳಿ: "ನಿನಗೆ ಯಾರ ಹತ್ತಿರ ಇರಬೇಕೆನಿಸುತ್ತದೆ? ಯಾರ ಹತ್ತಿರ ಬೇಡ? ಇದೇ ಶಾಲೆ ಬೇಕಾ? ಊರಿಗೆ ಹೋಗಬೇಕಾ?" ಉತ್ತರ ಬಾರದಿದ್ದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ. ಯಾರದೋ ಹೆಸರಿಗೆ ಮಗು ಬೇಡವೆಂದರೆ ಕಾರಣಕ್ಕಾಗಿ ಪೀಡಿಸದೆ ಸಮಿತಿಯ ಸದಸ್ಯರ ಮುಂದೆ ಒಂಟಿಯಾಗಿ ಮಾತಾಡಲು ಅವಕಾಶ ಮಾಡಿಕೊಡಿ. ಆ 'ಬೇಡ'ದ ಹಿಂದೆ ನಿಮಗೆ ಗೊತ್ತಿಲ್ಲದ ಸಂಗತಿ ಇರಬಹುದು. ಮಗುವಿಗೆ ಮರಾಠಿ ಸರಿಯಾಗಿ ಬರದಿದ್ದರೆ ಕನ್ನಡ ಬಲ್ಲವರೊಬ್ಬರನ್ನು ಕೊಡಿ ಎಂದು ಸಮಿತಿಯನ್ನು ಕೇಳಿ. ನೆಂಟರೇ ಅನುವಾದಕರಾಗಬಾರದು. ಒಡಹುಟ್ಟಿದವರಿದ್ದರೆ ಅವರನ್ನು ಅಗಲಿಸುವ ಮಾತೇ ಬೇಡ. ಒಬ್ಬರನ್ನು ಮಾತ್ರ ಸಾಕಬಲ್ಲಿರಾದರೆ ಅದನ್ನು ಸಮಿತಿಗೆ ನೇರವಾಗಿ ಹೇಳಿ. ಇಬ್ಬರನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮನೆ ಹುಡುಕಬಹುದು.

ಆಮೇಲೆ ನಿಮ್ಮ ಮನೆಯವರನ್ನು ಕೇಳಿ, ಅದರಲ್ಲೂ ನಿಮ್ಮ ಮಕ್ಕಳನ್ನು. ಒಂದು ಖೋಲಿ, ಒಂದು ಅಡುಗೆಮನೆಯ ಬಾಳು ನಮ್ಮದು. ಬರುವವರು ಎಲ್ಲಿ ಮಲಗುತ್ತಾರೆ, ಎಲ್ಲಿ ಓದುತ್ತಾರೆ, ಹುಡುಗಿಯಾದರೆ ಬಟ್ಟೆ ಬದಲಿಸಲು ಮರೆ ಎಲ್ಲಿದೆ ಎಂದು ಮೊದಲೇ ಯೋಚಿಸಿ. ಮೂರು ಪ್ರಶ್ನೆಗಳಿಗೆ ನಿಮ್ಮೊಳಗೇ ಉತ್ತರಿಸಿಕೊಳ್ಳಿ. ಪರಿಹಾರದ ಹಣ ಒಂದು ರೂಪಾಯಿಯೂ ಬಾರದಿದ್ದರೆ ಆಗಲೂ ಕರೆತರುತ್ತೀರಾ? ಈ ಮಗು ಎರಡು ವರ್ಷ ನಿಮ್ಮನ್ನು ಕಂಡು ನಗದಿದ್ದರೆ ತಡೆದುಕೊಳ್ಳುತ್ತೀರಾ? ಹೋಟೆಲಿನಲ್ಲೋ ಅಂಗಡಿಯಲ್ಲೋ ಒಂದು ಕೈ ಹೆಚ್ಚಾಗುತ್ತದೆ ಎಂಬ ಎಣಿಕೆ ಮನಸ್ಸಿನ ಮೂಲೆಯಲ್ಲಿ ಇದೆಯಾ? ಮೂರನೆಯದಕ್ಕೆ ಹೌದು ಎಂದಾದರೆ ದಯವಿಟ್ಟು ಕರೆತರಬೇಡಿ. 'ಮನೆಮಗನ ಹಾಗೆ ನೋಡಿಕೊಳ್ಳುತ್ತೇವೆ' ಎನ್ನುತ್ತಲೇ ಬೆಳಗಿನ ಐದಕ್ಕೆ ಎಬ್ಬಿಸಿ ಪಾತ್ರೆ ತೊಳೆಯಲು ಹಚ್ಚಿದ ಮನೆಗಳನ್ನು ನಾನು ಬಲ್ಲೆ. 14 ತುಂಬದವರನ್ನು ದುಡಿಮೆಗೆ ಹಚ್ಚುವುದಕ್ಕೆ ನಿಷೇಧವಿದೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ.

ಹುಡುಗಿಯ ವಿಷಯದಲ್ಲಿ ಇನ್ನೊಂದು ಎಚ್ಚರ. "ಎಷ್ಟು ದಿನ ಜವಾಬ್ದಾರಿ ಹೊರುವುದು, ಲಗ್ನ ಮಾಡಿಬಿಡೋಣ" ಎಂಬ ಮಾತು ದಿನಕರ್ಮ ಮುಗಿಯುವ ಮೊದಲೇ ಏಳುತ್ತದೆ. 18 ತುಂಬದ ಹುಡುಗಿಯ ಮದುವೆ ಅಪರಾಧ. ಮಾತು ಕಿವಿಗೆ ಬಿದ್ದ ಕೂಡಲೇ 1098ಕ್ಕೆ ತಿಳಿಸಿ.

ಹಂತ 3: ನಿಮ್ಮ ದಾರಿ ಯಾವುದೆಂದು ಆರಿಸಿಕೊಳ್ಳಿ

ನಾಲ್ಕು ದಾರಿಗಳಿವೆ. ಜನ 'ದತ್ತು' ಎಂಬ ಒಂದೇ ಪದದಲ್ಲಿ ನಾಲ್ಕನ್ನೂ ಹೇಳುತ್ತಾರೆ, ಗೊಂದಲ ಅಲ್ಲಿಂದಲೇ ಶುರು.

ಮೊದಲನೆಯದು, ನೆಂಟರ ಆರೈಕೆ. ಅಜ್ಜಿಯೋ ಚಿಕ್ಕಪ್ಪನೋ ಸೋದರತ್ತೆಯೋ ಮುಂದೆ ಬಂದರೆ ಸಮಿತಿ ಮನೆ ನೋಡಿಸಿ ಮಗುವನ್ನು ಅವರ ವಶಕ್ಕೆ ಒಪ್ಪಿಸುತ್ತದೆ. ಹೆಚ್ಚಿನವರಿಗೆ ಹೊಂದುವ, ಬೇಗ ಆಗುವ ದಾರಿ ಇದೇ. ನೆಂಟರು ಕರ್ನಾಟಕದಲ್ಲಿದ್ದರೆ ಇಲ್ಲಿನ ಸಮಿತಿ ಅಲ್ಲಿನ ಜಿಲ್ಲೆಯ ಸಮಿತಿಗೆ ಬರೆದು, ಮಗುವನ್ನು ಬೆಂಗಾವಲಿನೊಂದಿಗೆ ಕಳಿಸಿಕೊಡುತ್ತದೆ. ಮಗುವಿಗೆ ಊರಿಗೆ ಹೋಗುವ ಮನಸ್ಸಿಲ್ಲದಿದ್ದರೆ ಆದೇಶವಾಗುವ ಮೊದಲೇ ಹೇಳಬೇಕು.

ಎರಡನೆಯದು, ಪೋಷಕತ್ವ. ರಕ್ತಸಂಬಂಧವಿಲ್ಲದ ಕುಟುಂಬ, ಸಮಿತಿಯ ಆದೇಶದ ಮೇಲೆ ಮಗುವನ್ನು ತನ್ನ ಮನೆಯಲ್ಲಿ ಸಾಕುವುದು. ಕಾನೂನಿನ ಪ್ರಕಾರ ನೀವು ತಂದೆತಾಯಿ ಆಗುವುದಿಲ್ಲ. ಮಗುವಿನ ಹೆಸರು, ಹಳೆಯ ಸಂಬಂಧಗಳು ಹಾಗೇ ಇರುತ್ತವೆ. ಹದಿಹರೆಯದವರ ಮಟ್ಟಿಗೆ ಇದೇ ಹಿತವೆಂದು ನನ್ನ ಅಭಿಪ್ರಾಯ, ಏಕೆಂದರೆ ಹೊಸಬರನ್ನು ಒಪ್ಪಲು ಸತ್ತವರನ್ನು ಬಿಟ್ಟುಕೊಡಬೇಕಾಗಿಲ್ಲ. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯಂತೆ ಒಂಟಿಯಾಗಿರುವವರೂ ಪೋಷಕರಾಗಬಹುದು, ಆದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಎರಡು ವರ್ಷದ ನಂತರ ಇಬ್ಬರಿಗೂ ಮನಸ್ಸಿದ್ದರೆ ದತ್ತು ಪಡೆಯಲೂ ದಾರಿಯಿದೆ.

ಮೂರನೆಯದು, ನ್ಯಾಯಾಲಯದಿಂದ ಪಾಲಕರಾಗಿ ನೇಮಕ. ಮಗುವಿನ ಹೆಸರಿನಲ್ಲಿ ಹೊಲ, ಮನೆ, ದೊಡ್ಡ ಮೊತ್ತ ಇದ್ದಾಗ ಇದು ಬೇಕಾಗುತ್ತದೆ. ವಕೀಲರಿಲ್ಲದೆ ಆಗದ ಕೆಲಸ. ಖರ್ಚಿಗೆ ಕೈ ಸಾಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳ ಪರವಾಗಿ ಅವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ನಾಲ್ಕನೆಯದು, ದತ್ತು. ನೋಂದಣಿ ಕೇಂದ್ರ ದತ್ತು ಪ್ರಾಧಿಕಾರವಾದ 'ಕಾರಾ'ದ ಜಾಲತಾಣದಲ್ಲೇ ಆಗಬೇಕು. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು, ನ್ಯಾಯಾಲಯವಲ್ಲ. 8ರಿಂದ 18 ವರ್ಷದ ಮಗುವನ್ನು ಪಡೆಯಲು ಗಂಡಹೆಂಡಿರ ವಯಸ್ಸು ಕೂಡಿಸಿದರೆ 110 ದಾಟಬಾರದು, ಒಂಟಿಯವರದು 55 ದಾಟಬಾರದು. ಮಗುವಿಗೂ ನಿಮಗೂ ಕನಿಷ್ಠ 25 ವರ್ಷದ ಅಂತರ ಬೇಕು. ಹತ್ತಿರದ ನೆಂಟರು ದತ್ತು ಪಡೆಯುವಾಗ ಕೂಡಿಸಿದ ವಯಸ್ಸಿನ ಮಿತಿ ಇಲ್ಲ. ಆದರೆ ಈ ಕಾಯ್ದೆಯಲ್ಲಿ 'ನೆಂಟರು' ಎಂದರೆ ಅಜ್ಜ, ಅಜ್ಜಿ, ತಂದೆ ತಾಯಿಯರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಇಷ್ಟೇ. ಊರಿನ ವರಸೆಯಿಂದ ಮಾಮ, ಕಾಕಾ ಆದವರು ಲೆಕ್ಕಕ್ಕಿಲ್ಲ.

ಇಲ್ಲಿ ಜನ ಮುಗ್ಗರಿಸುವುದು ನೂರು ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ. ನೋಟರಿಯ ಮುಂದೆ 'ದತ್ತು ಪತ್ರ' ಬರೆಸಿ, ಸಹಿ ಹಾಕಿಸಿ, ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆ ಕಾಗದದಿಂದ ಸಮಿತಿಯ ಮುಂದೆ ಏನೂ ನಡೆಯುವುದಿಲ್ಲ. ಅನಾಥ ಮಗುವನ್ನು ಕ್ರಮ ತಪ್ಪಿಸಿ ದತ್ತು ಕೊಟ್ಟರೆ ಅಥವಾ ಪಡೆದರೆ ಮೂರು ವರ್ಷದವರೆಗೆ ಜೈಲಾಗಬಹುದು. 1956ರ ಹಿಂದೂ ದತ್ತಕ ಕಾಯ್ದೆಯ ದಾರಿ ಹಿಡಿಯುತ್ತೇವೆ ಎನ್ನುವವರೂ ತಿಳಿದಿರಲಿ: ರೂಢಿಯ ಆಧಾರ ಇಲ್ಲದಿದ್ದರೆ 15 ತುಂಬಿದವರನ್ನು ಅದರಡಿ ದತ್ತು ಪಡೆಯಲಾಗದು.

ಹಂತ 4: ಕಾಗದಪತ್ರ

ಒಂದು ಗಟ್ಟಿ ಫೈಲು ಕೊಂಡು ಅದರ ಮೇಲೆ ಮಗುವಿನ ಹೆಸರು ಬರೆಯಿರಿ, ನಿಮ್ಮ ಹೆಸರಲ್ಲ. ಅದರೊಳಗೆ ಬರಬೇಕಾದವು: ತಂದೆ ತಾಯಿ ಇಬ್ಬರ ಮರಣ ಪ್ರಮಾಣಪತ್ರ, ದುರಂತದ ಪಂಚನಾಮೆ ಅಂದರೆ ಅಧಿಕಾರಿಗಳು ಸ್ಥಳದಲ್ಲಿ ಸಾಕ್ಷಿಗಳ ಮುಂದೆ ಬರೆದ ವರದಿ, ಪೊಲೀಸ್ ದಾಖಲೆಯ ಪ್ರತಿ, ಮಗುವಿನ ಜನನ ಅಥವಾ ಶಾಲಾ ದಾಖಲೆ, ಆಧಾರ್, ಪಡಿತರ ಚೀಟಿ, ಸಮಿತಿಯ ಪ್ರತಿಯೊಂದು ಆದೇಶ. ನಿಮ್ಮ ಕಡೆಯಿಂದ ಸಾಮಾನ್ಯವಾಗಿ ಕೇಳುವುದು ಆಧಾರ್, ವಾಸದ ಮತ್ತು ಆದಾಯದ ದಾಖಲೆ, ವೈದ್ಯರ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ನಿಮ್ಮನ್ನು ಬಲ್ಲ ಇಬ್ಬರ ಹೇಳಿಕೆ.

ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಸುಲಭ. ಮುಂಬೈಯಲ್ಲಾದರೆ ಮಹಾನಗರಪಾಲಿಕೆಯ ವಾರ್ಡ್ ಕಚೇರಿ. ದೇಹ ಸಿಗದಿದ್ದಾಗ ಕಷ್ಟ ಹೆಚ್ಚು. ಸಾಮಾನ್ಯ ಕಾನೂನು ಏಳು ವರ್ಷ ಕಾಯಿಸುತ್ತದೆ. ಆದರೆ 2013ರ ಉತ್ತರಾಖಂಡದ ಪ್ರವಾಹದಂಥ ವಿಕೋಪಗಳಲ್ಲಿ ಸರಕಾರ ವಿಶೇಷ ಕ್ರಮದಿಂದ ಬೇಗನೆ ಪ್ರಮಾಣಪತ್ರ ಕೊಟ್ಟದ್ದುಂಟು. ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟೇ ಮನೆಗೆ ಮರಳಿ.

ನಮ್ಮವರ ಫೈಲುಗಳು ನಿಲ್ಲುವುದು ಹೆಸರಿನ ಅಕ್ಷರದಲ್ಲಿ. ಆಧಾರ್ ಕಾರ್ಡಿನಲ್ಲಿ ಯಲ್ಲಪ್ಪ, ಪಡಿತರ ಚೀಟಿಯಲ್ಲಿ ಎಲ್ಲಪ್ಪ, ಶಾಲೆಯಲ್ಲಿ ಮರಾಠಿ ಪದ್ಧತಿಯಂತೆ ಅಪ್ಪನ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಊರಿನ ದಾಖಲೆಯಲ್ಲಿ ಅಡ್ಡಹೆಸರೇ ಇಲ್ಲ. ಮರಣ ಪ್ರಮಾಣಪತ್ರ ಬರೆಸುವಾಗಲೇ ಮಗುವಿನ ಶಾಲಾ ದಾಖಲೆಯಲ್ಲಿ ತಂದೆತಾಯಿಯ ಹೆಸರು ಹೇಗಿದೆಯೋ ಹಾಗೇ ಬರೆಸಲು ಪ್ರಯತ್ನಿಸಿ. ಆಮೇಲೆ ತಿದ್ದಿಸಲು ಒಂದು ವರ್ಷವೇ ಹೋದೀತು.

ಸಾಮಾಜಿಕ ತನಿಖೆ 15 ದಿನದಲ್ಲಿ, ಸಮಿತಿಯ ಅಂತಿಮ ಆದೇಶ ನಾಲ್ಕು ತಿಂಗಳಲ್ಲಿ ಆಗಬೇಕೆಂದು ಕಾನೂನಿದೆ. ತಡವಾದರೆ ಈ ಅವಧಿಯನ್ನು ನೆನಪಿಸಿ, ವಿನಯದಿಂದಲೇ, ಲಿಖಿತವಾಗಿ. ಕಾರ್ಯಕರ್ತರು ಮನೆಗೆ ಬಂದಾಗ ಇರುವುದನ್ನು ಇರುವಂತೆ ತೋರಿಸಿ. ಪಕ್ಕದ ಮನೆಯ ಫ್ರಿಜ್ ತಂದಿಡಬೇಡಿ. ಅವರು ನೋಡುವುದು ಮಗುವಿಗೆ ಜಾಗ, ಭದ್ರತೆ, ಜನರ ಸ್ವಭಾವ.

ಹಂತ 5: ಹಣ

ಮಗುವಿನ ಹಣ ಬೇರೆ, ನಿಮ್ಮ ಹಣ ಬೇರೆ. ಮೊದಲ ದಿನದಿಂದಲೇ.

ನೈಸರ್ಗಿಕ ವಿಕೋಪದಲ್ಲಿ ಸತ್ತವರ ವಾರಸುದಾರರಿಗೆ ವಿಕೋಪ ಪರಿಹಾರ ನಿಧಿಯ ನಿಯಮದಂತೆ ಪ್ರತಿ ಸಾವಿಗೆ 4 ಲಕ್ಷ ರೂಪಾಯಿ ಇದೆ. ಕೆಲವೊಮ್ಮೆ ಸರಕಾರ ಬೇರೆ ನಿಧಿಯಿಂದಲೂ ಘೋಷಿಸುತ್ತದೆ. ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಈ ಹಣ ಮಗುವಿನ ಹೆಸರಿನ ಖಾತೆಗೇ ಬರಲಿ, 18 ತುಂಬುವವರೆಗೆ ನಿಶ್ಚಿತ ಠೇವಣಿಯಲ್ಲಿ ಇರಲಿ. "ಸದ್ಯಕ್ಕೆ ನನ್ನ ಖಾತೆಗೆ ಹಾಕಿಸಿ, ಆಮೇಲೆ ಕೊಡುತ್ತೇನೆ" ಎನ್ನುವ ನೆಂಟರಿಗೆ ಒಪ್ಪಬೇಡಿ. ಸತ್ತವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದೂ ಬೇಡ. ಬ್ಯಾಂಕಿಗೆ ಸಾವಿನ ಸುದ್ದಿ ತಿಳಿಸಿ ವಾರಸುದಾರಿಕೆಯ ಅರ್ಜಿ ಕೊಡಿ.

ವಾರಸುದಾರರು ಯಾರೆಂಬುದರ ಮೇಲೆ ಜಗಳಗಳಾಗುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆ ಉಯಿಲು ಬರೆಯದೆ ಹೋದರೆ ಅವನ ಸ್ವಂತ ಆಸ್ತಿಯಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಹೆಂಡತಿ ಮತ್ತು ಅವನ ತಾಯಿ ಸಮಪಾಲುದಾರರು. ಅಂದರೆ ಅಜ್ಜಿಗೆ ಪಾಲಿದೆ, ಮಕ್ಕಳಿರುವಾಗ ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ಇಲ್ಲ. ಊರಿನ ಹೊಲವನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮಗುವಿನ ಪರವಾಗಿ ಯಾರೂ ಮಾರುವಂತಿಲ್ಲ. ಝೋಪಡಿಗೆ ಫೋಟೋಪಾಸ್, ಅಂದರೆ ಅಲ್ಲಿ ವಾಸವಿದ್ದವರಿಗೆ ಸರಕಾರ ಕೊಟ್ಟ ಗುರುತುಪತ್ರ, ಇತ್ತಾದರೆ ಅದರ ಪ್ರತಿಯನ್ನು ಹುಡುಕಿಡಿ. ಪುನರ್ವಸತಿಯ ಮನೆಯ ಮೇಲಿನ ಮಗುವಿನ ಹಕ್ಕಿಗೆ ಅದೂ ಒಂದು ಆಧಾರ.

ದಿನದ ಖರ್ಚಿಗೆ ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯಿದೆ, ಈಗ ಸಾವಿತ್ರಿಬಾಯಿ ಫುಲೆಯವರ ಹೆಸರಿನಲ್ಲಿ ನಡೆಯುತ್ತಿದೆ. ಮಗುವಿಗೆ ತಿಂಗಳಿಗೆ 2,250 ರೂಪಾಯಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ 'ಪ್ರಾಯೋಜಕತ್ವ' ಎಂಬ ತಿಂಗಳ ಸಹಾಯಧನ ಸಿಕ್ಕರೆ 4,000. ಎರಡಕ್ಕೂ ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಹಣ ತಿಂಗಳುಗಟ್ಟಲೆ ತಡವಾಗುವುದುಂಟು, ಅದನ್ನೇ ನಂಬಿ ಮನೆಯ ಲೆಕ್ಕ ಹಾಕಬೇಡಿ. ತಂದೆ ತಾಯಿ ಇಬ್ಬರೂ ಇಲ್ಲದವರಿಗೆ ಅನಾಥ ಪ್ರಮಾಣಪತ್ರವನ್ನೂ ಮಾಡಿಸಿ. 2018ರಿಂದ ಮಹಾರಾಷ್ಟ್ರದಲ್ಲಿ ಅನಾಥರಿಗೆ ಶಿಕ್ಷಣ ಮತ್ತು ಸರಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ಇದೆ.

ವರ್ಷಕ್ಕೆರಡು ಸಲ ಪಾಸ್‌ಬುಕ್ ತುಂಬಿಸಿ ಮಗುವಿನ ಕೈಗೇ ಕೊಟ್ಟು ಓದಿಸಿ. ತನ್ನ ಹಣ ತನ್ನ ಹೆಸರಿನಲ್ಲೇ ಇದೆ ಎಂದು ಕಂಡ ಮಗು ನಿಮ್ಮ ಮನೆಯ ಊಟವನ್ನು ಬೇರೆ ಮನಸ್ಸಿನಿಂದ ಉಣ್ಣುತ್ತದೆ.

ಹಂತ 6: ಶಾಲೆ

ಸಾಧ್ಯವಾದರೆ ಅದೇ ಶಾಲೆ ಮುಂದುವರಿಸಿ, ರೈಲಿನಲ್ಲಿ ಒಂದು ಗಂಟೆ ಹೆಚ್ಚಾದರೂ ಸರಿ. ಅಲ್ಲಿ ಗೆಳೆಯರಿದ್ದಾರೆ. ಬದಲಿಸಲೇಬೇಕಾದರೆ ಶಾಲೆ ಬಿಟ್ಟ ದಾಖಲೆಗಾಗಿ ಅರ್ಜಿ ಕೊಡಿ. ವರ್ಗಾವಣೆ ಪತ್ರ ತಡವಾಯಿತೆಂದು 14ರವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಓದು ನಡುವೆ ನಿಂತಿದ್ದರೆ ಹತ್ತನೆಯ ತರಗತಿಗೆ ಖಾಸಗಿಯಾಗಿ ಕೂರಲು 'ಫಾರ್ಮ್ 17' ಇದೆ. ಮುಖ್ಯೋಪಾಧ್ಯಾಯರಿಗೂ ವರ್ಗಶಿಕ್ಷಕರಿಗೂ ಮಾತ್ರ ವಿಷಯ ತಿಳಿಸಿ, ಇಡೀ ತರಗತಿಗೆ ಸಾರುವುದು ಬೇಡವೆಂದು ಕೇಳಿಕೊಳ್ಳಿ. ಮೊದಲ ವರ್ಷ ಅಂಕ ಕುಸಿಯುತ್ತದೆ. ಕುಸಿಯಲಿ.

ಹಂತ 7: ಮನೆಯೊಳಗಿನ ಮೊದಲ ವರ್ಷ

ನಮ್ಮ ಮನೆಗೂ ಹೀಗೊಬ್ಬ ಹುಡುಗ ಬಂದಿದ್ದ. ಮೊದಲ ವಾರ ಕಾಲಿಗೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ, ತಲೆದಿಂಬಿನ ಬದಲು ಶಾಲೆಯ ಚೀಲ. ಮೂರನೆಯ ರಾತ್ರಿ, ಹಾಸಿಗೆ ಕೊಳೆಯಾಗುತ್ತದೆಂದು ನಿದ್ದೆಯಲ್ಲಿದ್ದವನ ಚಪ್ಪಲಿ ಬಿಚ್ಚಲು ಹೋದೆ. ಅವನು ಕಿರುಚಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ಗೋಡೆ ಬಿದ್ದ ರಾತ್ರಿ ಬರಿಗಾಲಲ್ಲಿ ಓಡಿ ಅಂಗಾಲು ಸೀಳಿಕೊಂಡಿದ್ದನೆಂದು ಬೆಳಗ್ಗೆ ತಿಳಿಯಿತು. ಮರುದಿನ ಅವನ ಚಪ್ಪಲಿ ತೊಳೆದು ಒಣಗಿಸಿ ಹಾಸಿಗೆಯ ಕಾಲ್ದೆಸೆಯಲ್ಲಿ ನಾನೇ ಇಟ್ಟೆ. ನಿಮ್ಮ ಮನೆಗೆ ಬರುವ ಮಗುವಿನ ವಿಚಿತ್ರ ನಡತೆಗೂ ಇಂಥದೊಂದು ಕಾರಣ ಇದ್ದೇ ಇರುತ್ತದೆ. ಕಾರಣ ತಿಳಿಯುವ ಮೊದಲು ತಿದ್ದಲು ಹೋಗಬೇಡಿ.

ಮನೆ ಚಿಕ್ಕದಾದರೂ ಒಂದು ಜಾಗ ಪೂರ್ತಿ ಅವರದಾಗಲಿ. ಪೋಟ್‌ಮಾಳದ, ಅಂದರೆ ಅಟ್ಟದ, ಅರ್ಧ, ಕಪಾಟಿನ ಒಂದು ಖಾನೆ, ಬೀಗವಿರುವ ಒಂದು ಟ್ರಂಕು. ಮನೆಯ ಬೀಗದ ಕೈಯ ಒಂದು ಪ್ರತಿಯನ್ನು ಮೊದಲ ತಿಂಗಳಲ್ಲೇ ಕೊಡಿ. ಹೊತ್ತು ಮೀರಿ ಬಂದಾಗ ಬಾಗಿಲು ತಟ್ಟಿ ಕಾಯುವವರು ಅತಿಥಿಗಳು.

ಏನೆಂದು ಕರೆಯಬೇಕೆಂಬುದನ್ನು ಮಗುವಿಗೇ ಬಿಡಿ. "ಇನ್ನು ಮೇಲೆ ನಾನೇ ನಿನ್ನ ಅಮ್ಮ" ಎನ್ನುವ ಮಾತು ಪ್ರೀತಿಯಿಂದಲೇ ಬಂದೀತು, ಆದರೆ ಕೇಳುವ ಮಗುವಿಗೆ ಅದು ಅಮ್ಮನನ್ನು ಇನ್ನೊಮ್ಮೆ ಹೂತ ಹಾಗೆ. ಅತ್ತೆ, ಚಿಗವ್ವ, ಕಾಕಾ, ಮಾವ ಎಂದು ನಮ್ಮ ಭಾಷೆಯಲ್ಲಿ ಬೇಕಾದಷ್ಟು ಸಂಬಂಧದ ಹೆಸರುಗಳಿವೆ. ನಮ್ಮ ಹುಡುಗ ಹನ್ನೊಂದು ತಿಂಗಳು ನನ್ನನ್ನು ಏನೆಂದೂ ಕರೆಯಲಿಲ್ಲ. ಒಂದು ದಿನ ಮೆಟ್ಟಿಲ ಕೆಳಗಿನಿಂದ "ದೊಡ್ಡವ್ವಾ, ನೀರು ಬಂತು, ಹಂಡೆ ಕೊಡು" ಎಂದ.

ಸತ್ತವರ ಮಾತನ್ನು ಮನೆಯಲ್ಲಿ ಮುಚ್ಚಬೇಡಿ, ಕೆದಕಲೂ ಬೇಡಿ. ನೆಂಟರ ಮೊಬೈಲ್‌ಗಳಿಂದ ತಂದೆತಾಯಿಯ ಫೋಟೋ ಸಂಗ್ರಹಿಸಿ ಒಂದೆರಡನ್ನು ಮುದ್ರಿಸಿ ಕೊಡಿ. ಅವಶೇಷದಲ್ಲಿ ಸಿಕ್ಕ ನಮ್ಮ ಹುಡುಗನ ಅಮ್ಮನ ಮೊಬೈಲಿನ ಗಾಜು ಒಡೆದಿತ್ತು, ಸಿಮ್ ಸರಿಯಿತ್ತು. ಅದನ್ನು ಹಳೆಯ ಫೋನೊಂದಕ್ಕೆ ಹಾಕಿಟ್ಟೆವು. ಸಂಜೆ ಅವನು ನನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿ, ಅಮ್ಮ ಕಾಲರ್ ಟ್ಯೂನ್ ಆಗಿ ಇಟ್ಟುಕೊಂಡಿದ್ದ ಯಲ್ಲಮ್ಮನ ಹಾಡು ಮುಗಿಯುವವರೆಗೂ ಕೇಳಿ ಇಡುತ್ತಿದ್ದ. ಬಹಳ ದಿನ ಬಳಸದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಆದ್ದರಿಂದ ಇಂಥ ಸಿಮ್ ಸಿಕ್ಕರೆ ರೀಚಾರ್ಜ್ ತಪ್ಪಿಸಬೇಡಿ.

ಸಿಟ್ಟು, ಸುಳ್ಳು, ದಿಂಬಿನ ಕೆಳಗೆ ಬಚ್ಚಿಟ್ಟ ಬಿಸ್ಕತ್ತು, ಹೇಳದೆ ಹೊರಟುಹೋಗುವುದು ಇವೆಲ್ಲ ಬರಬಹುದು. ಮೊದಲ ಎರಡು ತಿಂಗಳು ಬಹಳ ಒಳ್ಳೆಯ ಹುಡುಗನಂತಿದ್ದು ಮೂರನೆಯ ತಿಂಗಳಿಂದ ಕೆರಳಿದರೆ ಗಾಬರಿಯಾಗಬೇಡಿ. ನೀವು ಕೈಬಿಡುತ್ತೀರೋ ಇಲ್ಲವೋ ಎಂದು ನೋಡುತ್ತಿದ್ದಾನೆ. ನಿಯಮಗಳು ನಿಮ್ಮ ಮಕ್ಕಳಿಗೆ ಇರುವಷ್ಟೇ ಇರಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎಷ್ಟೇ ಸಿಟ್ಟು ಬಂದರೂ ಎರಡು ಮಾತು ಬಾಯಿಂದ ಹೊರಡಬಾರದು: "ನಿನಗೆ ಇಷ್ಟೆಲ್ಲ ಮಾಡಿದೆವು" ಮತ್ತು "ಬೇಡವಾದರೆ ಹೋಗು". ಉಂಡ ಅನ್ನವನ್ನು ಒಮ್ಮೆ ಎತ್ತಿ ಆಡಿದರೆ ಕಟ್ಟಿದ್ದೆಲ್ಲ ಆ ಒಂದು ಗಳಿಗೆಯಲ್ಲಿ ಕುಸಿಯುತ್ತದೆ. ನಿಮ್ಮ ಸ್ವಂತ ಮಕ್ಕಳೊಡನೆ ದಿನಕ್ಕೆ ಅರ್ಧ ಗಂಟೆಯಾದರೂ ಪ್ರತ್ಯೇಕವಾಗಿ ಕಳೆಯಿರಿ, ಅವರ ಹೊಟ್ಟೆಯುರಿಯೂ ನಿಜವಾದದ್ದೇ.

ಮಗುವಿನ ಧರ್ಮ, ಊಟದ ಪದ್ಧತಿ, ಮನೆದೇವರು ಹಾಗೇ ಉಳಿಯಲಿ. ವರ್ಷದ ತಿಥಿಗೆ ಊರಿಗೆ ಹೋಗಬೇಕೋ ಬೇಡವೋ ಎಂದು ಒಂದು ತಿಂಗಳು ಮೊದಲೇ ಕೇಳಿ. ಆ ದಿನದ ಆಸುಪಾಸಿನಲ್ಲಿ ನಿದ್ದೆಗೆಡುವುದು, ಮೈಕೈ ನೋವು, ಕಾರಣವಿಲ್ಲದ ಜಗಳ ಸಾಮಾನ್ಯ.

ಹಂತ 8: ಮನಸ್ಸಿನ ಗಾಯಕ್ಕೆ ವೈದ್ಯರು

ಮೊದಲ ಕೆಲವು ವಾರ ಬೆಚ್ಚಿಬೀಳುವುದು, ಕೆಟ್ಟ ಕನಸು, ಮಳೆ ಜೋರಾದರೆ ಬಾಗಿಲ ಬಳಿ ಹೋಗಿ ನಿಲ್ಲುವುದು ಸಹಜ. ಆಗ ಬೇಕಾದದ್ದು ಜೊತೆಯಲ್ಲಿ ಕೂರುವವರು, ಬಿಸಿ ಊಟ, ನಿದ್ದೆ. "ಅತ್ತುಬಿಡು, ಆ ರಾತ್ರಿ ಏನಾಯಿತೆಂದು ಹೇಳಿಬಿಡು" ಎಂದು ಒತ್ತಾಯಿಸಬೇಡಿ. ಒತ್ತಾಯದಿಂದ ಹೇಳಿಸುವುದರಿಂದ ಹಾನಿಯೇ ಆಗಬಹುದು. ಮಳೆಗಾಲದ ರಾತ್ರಿಗಳಿಗಾಗಿ ಒಂದು ಏರ್ಪಾಟು ಮಾಡಿಕೊಳ್ಳಿ: ಟಾರ್ಚ್ ಎಲ್ಲಿದೆ, ಯಾವ ಮೆಟ್ಟಿಲಿಂದ ಇಳಿಯುವುದು, ಎಲ್ಲಿ ಸೇರುವುದೆಂದು ಒಟ್ಟಿಗೆ ನಡೆದು ನೋಡಿ. "ಏನೂ ಆಗಲ್ಲ" ಎಂಬ ಮಾತಿಗಿಂತ ಈ ನಡಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಒಂದು ತಿಂಗಳಾದರೂ ಈ ಲಕ್ಷಣಗಳು ಇಳಿಯದಿದ್ದರೆ, ಊಟ ನಿದ್ದೆ ಬಿಟ್ಟರೆ, ಕುಡಿತ ಅಥವಾ ನಶೆಯ ಸುಳಿವು ಸಿಕ್ಕರೆ ವೈದ್ಯರ ಬಳಿ ಹೋಗಿ. ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್‌ನಲ್ಲಿ ಮನೋವೈದ್ಯ ವಿಭಾಗಗಳಿವೆ, ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡಬಹುದು. "ನಾನೂ ಅವರ ಜೊತೆ ಹೋಗಬೇಕಿತ್ತು" ಎಂಬ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಮರುದಿನಕ್ಕೆ ತಳ್ಳಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿತ ಕಟ್ಟಿಸುವುದು, ದೆವ್ವ ಬಿಡಿಸುವುದು ಚಿಕಿತ್ಸೆಯ ಬದಲಿಗೆ ಆಗಬಾರದು.

ಯಾರಾದರೂ ಮೈಮುಟ್ಟಿ ಪೀಡಿಸಿದ್ದನ್ನು ಮಗು ಹೇಳಿದರೆ ನಂಬಿ. ನೆಂಟಸ್ತಿಕೆ ಕೆಡುತ್ತದೆಂದು ಮುಚ್ಚಿಟ್ಟರೆ ಪೋಕ್ಸೊ ಕಾಯ್ದೆಯಡಿ ನೀವೂ ತಪ್ಪಿತಸ್ಥರಾಗುತ್ತೀರಿ. 1098 ಅಥವಾ ಪೊಲೀಸರಿಗೆ ತಿಳಿಸಲೇಬೇಕು.

ಹಂತ 9: ಹದಿನೆಂಟು ತುಂಬುವಾಗ

ಹದಿನೇಳು ದಾಟಿದ ಮೇಲೆ ಮಕ್ಕಳ ನಿದ್ದೆ ಮತ್ತೆ ಕೆಡುತ್ತದೆ. 18ಕ್ಕೆ ಸಮಿತಿಯ ಅಧಿಕಾರ ಮುಗಿಯುತ್ತದೆ, ತಿಂಗಳ ಹಣ ನಿಲ್ಲುತ್ತದೆ, ಇವರೂ ನನ್ನನ್ನು ಕಳಿಸುತ್ತಾರೇನೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾರೆ. ಆ ಹುಟ್ಟುಹಬ್ಬಕ್ಕೆ ಆರು ತಿಂಗಳು ಮೊದಲೇ "ಹದಿನೆಂಟಾದ ಮೇಲೂ ಈ ಜಾಗ ನಿನ್ನದೇ" ಎಂದು ಬಾಯಿಬಿಟ್ಟು ಹೇಳಿ. ಬಾಲಗೃಹದಿಂದ 18ಕ್ಕೆ ಹೊರಬರುವವರಿಗೆ 21ರವರೆಗೆ 'ಅನುಪಾಲನೆ' ಎಂಬ ನೆರವು ಇದೆ. ನಿಮ್ಮ ಮಗು ನಡುವೆ ಸಂಸ್ಥೆಯಲ್ಲಿ ಇದ್ದಿದ್ದರೆ ಅದರ ಬಗ್ಗೆ ಘಟಕದಲ್ಲಿ ವಿಚಾರಿಸಿ.

ಹುಟ್ಟುಹಬ್ಬದ ವಾರದಲ್ಲಿ ಬ್ಯಾಂಕಿಗೆ ಒಟ್ಟಿಗೆ ಹೋಗಿ ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಿ. ಠೇವಣಿ ಮುರಿಯುವ ಅವಸರ ಬೇಡ, ಹಣ ಬರುವ ಸುದ್ದಿ ತಿಳಿದು ದೂರದ ನೆಂಟರೂ ಸಾಲ ಕೇಳಲು ಬರುತ್ತಾರೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಆಮೇಲೆ ಆ ಗಟ್ಟಿ ಫೈಲನ್ನು ಅವರ ಕೈಗೆ ಕೊಡಿ, ಒಂದೊಂದೇ ಕಾಗದ ತೆಗೆದು ಇದು ಯಾವುದು, ಎಲ್ಲಿ ಬೇಕಾಗುತ್ತದೆ ಎಂದು ತೋರಿಸಿ. ಮರಣ ಪ್ರಮಾಣಪತ್ರಗಳು ಬಂದಾಗ ಸ್ವಲ್ಪ ಹೊತ್ತು ಬೇಕಾಗಬಹುದು. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.